ತಿಂಡಿ ಕೊಡಬೇಕಾದ್ದು ಬೊಗಳುವ ಮೊದಲು

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ನಾಯಿ ಸಾಕಿದವರ ದೂರು ಹೆಚ್ಚಾಗಿ ಒಂದೇ: ಕಾಲಿಂಗ್ ಬೆಲ್ ಆದರೆ ಸಾಕು, ಕಟ್ಟಡ ಎದ್ದುಹೋಗುವ ಹಾಗೆ ಬೊಗಳುತ್ತದೆ, ಎಷ್ಟು ಗದರಿದರೂ ಕೇಳುವುದಿಲ್ಲ. ಗದರಿದಷ್ಟೂ ಹೆಚ್ಚುತ್ತದೆ ಎಂದರೆ ಯಾರೂ ನಂಬುವುದಿಲ್ಲ. ‘ಏಯ್, ಸುಮ್ನಿರೋ’ ಎಂದು ನೀವು ಕೂಗಿದರೆ ಮನೆಯವರೂ ದನಿಗೂಡಿಸಿದಂತಾಗುತ್ತದೆ. ಅಷ್ಟರಲ್ಲಿ ಡೆಲಿವರಿ ಹುಡುಗ ಪೊಟ್ಟಣ ಕೊಟ್ಟು ಹೊರಡುತ್ತಾನೆ. ತಾನು ಬೊಗಳಿದ್ದಕ್ಕೇ ಹೋದ ಎಂಬುದು ನಾಯಿಯ ಲೆಕ್ಕ. ದಿನಕ್ಕೆ ಐದಾರು ಸಲ ಸರಿಹೋಗುವ ಲೆಕ್ಕವನ್ನು ಅದು ಯಾಕೆ ಬಿಡಬೇಕು?

ಕೆಲವರು ಬೊಗಳಿ ಸುಮ್ಮನಾದ ಮೇಲೆ ಬಿಸ್ಕತ್ತು ಕೊಡುತ್ತಾರೆ. ಜಾಣ ನಾಯಿ ‘ಬೊಗಳು, ನಿಲ್ಲಿಸು, ತಿನ್ನು’ ಎಂದು ಮೂರನ್ನೂ ಒಟ್ಟಿಗೇ ಕಲಿತುಬಿಡುತ್ತದೆ. ತಿಂಡಿ ಸಿಗಬೇಕಾದ್ದು ಬೊಗಳುವ ಮೊದಲು. ದಯವಿಟ್ಟು ಈ ಮಾತನ್ನು ಇನ್ನೊಮ್ಮೆ ಓದಿ.

ಆ ಗಳಿಗೆ ಕಣ್ಣಿಗೆ ಕಾಣುತ್ತದೆ. ನಾಲಿಗೆ ಚಾಚಿ ಉಸಿರಾಡುತ್ತಿದ್ದ ನಾಯಿ ಥಟ್ಟನೆ ಬಾಯಿ ಮುಚ್ಚುತ್ತದೆ, ಕಿವಿ ಬಾಗಿಲ ಕಡೆ ನಿಮಿರುತ್ತದೆ, ಮೈಭಾರ ಮುಂಗಾಲಿಗೆ ಬರುತ್ತದೆ. ನಿಜವಾದ ಬೆಲ್ ಆದಾಗ ಇದೆಲ್ಲ ಕ್ಷಣದಲ್ಲಿ ಮುಗಿದುಹೋಗುವುದರಿಂದ ನಿಮ್ಮ ಮನೆಯ ಬೆಲ್ ಸದ್ದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬಾಗಿಲಿನಿಂದ ಎಂಟು-ಹತ್ತು ಅಡಿ ದೂರದಲ್ಲಿ ಚಾಪೆ ಹಾಸಿ, ನಾಯಿಯನ್ನು ಅದರ ಮೇಲೆ ಕೂರಿಸಿ ರೆಕಾರ್ಡಿಂಗ್ ಹಾಕಿ. ಸದ್ದು ಎಷ್ಟು ಸಣ್ಣದಿರಬೇಕೆಂದರೆ, ಕಿವಿ ಅಲುಗಬೇಕು, ನಾಯಿ ಏಳಬಾರದು. ಸದ್ದು ಮುಗಿದೊಡನೆ ಚಾಪೆಯ ಮೇಲೆ ಕಡಲೆಕಾಳಿನಷ್ಟು ಬೇಯಿಸಿದ ಚಿಕನ್ ಇಲ್ಲವೇ ಪನೀರ್ ಇಡಿ. ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ಮೊದಲು ಸದ್ದು, ಆಮೇಲೆ ಕೈ. ಕೈ ಮೊದಲೇ ಡಬ್ಬಿಗೆ ಹೋದರೆ ನಾಯಿ ಡಬ್ಬಿಯನ್ನೇ ನೋಡುತ್ತಾ ಕೂರುತ್ತದೆ, ಬೆಲ್ಲಿಗೂ ತಿಂಡಿಗೂ ನಂಟು ಬೆಳೆಯುವುದಿಲ್ಲ. ಅರ್ಧರ್ಧ ನಿಮಿಷ ಬಿಟ್ಟು ಎಂಟು-ಹತ್ತು ಬಾರಿ; ಹೀಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿದರೆ ಸಾಕು. ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ.

ಬೆಲ್ ಕೇಳಿ ನಾಯಿ ನಿಮ್ಮ ಮುಖ ನೋಡತೊಡಗಿದ ಮೇಲಷ್ಟೇ ವಾಲ್ಯೂಮ್ ಒಂದು ಗೆರೆ ಏರಿಸಿ. ಅದೇ ದಿನ ಚಾಪೆಯನ್ನೂ ಬಾಗಿಲ ಹತ್ತಿರ ಎಳೆಯಬೇಡಿ. ಬೊಗಳಿತೇ? ಅವಸರ ಮಾಡಿದ್ದು ನೀವು, ನಾಯಿಯಲ್ಲ. ಹಿಂದಿನ ಗೆರೆಗೆ ಇಳಿಯಿರಿ.

ಈ ವಾರಗಳಲ್ಲಿ ನಿಜವಾದ ಬೆಲ್ ಬಾರಿಸಲೇಬಾರದು. ಸ್ವಿಚ್ ಆರಿಸಿ, ಡೆಲಿವರಿ ಆ್ಯಪಿನಲ್ಲಿ ‘ಬೆಲ್ ಒತ್ತಬೇಡಿ, ಫೋನ್ ಮಾಡಿ’ ಎಂದು ಬರೆಯಿರಿ, ಸೆಕ್ಯೂರಿಟಿಯವರಿಗೂ ಹೇಳಿಡಿ. ಎಲ್ಲ ಸರಿಯಾಗಿ ಮಾಡಿಯೂ ಸೋಲುವವರು ಹೆಚ್ಚಾಗಿ ಎಡವುವುದು ಇಲ್ಲೇ. ಪಾಠದಲ್ಲಿ ಹತ್ತು ಬಾರಿ ಸುಮ್ಮನಿದ್ದ ನಾಯಿ ಅದೇ ರಾತ್ರಿ ಊಟದ ಪಾರ್ಸೆಲ್ಲಿಗೆ ಹಳೆಯ ಲೆಕ್ಕಕ್ಕೇ ಮರಳುತ್ತದೆ.

ಬೊಗಳಿದರೆ ಕೊರಳಿಗೆ ಕರೆಂಟ್ ಹೊಡೆಯುವ ಪಟ್ಟಿ, ಶಾಕ್ ಕಾಲರ್, ಮಾತ್ರ ಬೇಡ. ನೋವನ್ನು ನಾಯಿ ಬಾಗಿಲಲ್ಲಿ ನಿಂತವರ ಜೊತೆ ಸೇರಿಸಿಕೊಂಡರೆ, ಬೊಗಳದೆ ನೇರವಾಗಿ ಕಚ್ಚುವ ಅಪಾಯವಿದೆ. ಇಷ್ಟು ದಿನ ಸುಮ್ಮನಿದ್ದ ವಯಸ್ಸಾದ ನಾಯಿ ಈಗ ದಿಢೀರನೆ ಬೊಗಳತೊಡಗಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ, ಕಿವಿನೋವೂ ಕಾರಣವಾಗಿರಬಹುದು. ನೀವು ಆಫೀಸಿಗೆ ಹೋದ ಮೇಲೆ ಒಂಟಿಯಾಗಿ ಬೊಗಳುವ ನಾಯಿಗೆ ಈ ಪಾಠ ಹೊಂದುವುದಿಲ್ಲ. ಅದರ ಕಾರಣ ಬೇರೆ, ಚಿಕಿತ್ಸೆಯೂ ಬೇರೆ. ಹಳೆಯ ಮೊಬೈಲೊಂದರಲ್ಲಿ ಅರ್ಧ ಗಂಟೆಯ ವಿಡಿಯೊ ಮಾಡಿಟ್ಟುಕೊಂಡು ತರಬೇತುದಾರರ ಬಳಿ ಹೋಗಿ.