ಕಾಫಿಗೆ ಮೊದಲು ಅರ್ಧ ಗಂಟೆ

ಮಳೆಗಾಲ ಬಂತೆಂದರೆ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹೆಂಗಸರು ನಮ್ಮಲ್ಲಿಗೆ ಬರತೊಡಗುತ್ತಾರೆ. ಶಿವಮೊಗ್ಗ ಪೇಟೆಯವರಿಗಿಂತ ಹೊಸನಗರ, ತೀರ್ಥಹಳ್ಳಿ ಕಡೆಯವರೇ ಜಾಸ್ತಿ. ಪಾಚಿ ಹಿಡಿದ ಅಂಗಳ, ಕೈಯಲ್ಲಿ ಕೊಟ್ಟಿಗೆಗೆ ಒಯ್ಯುವ ಬಕೆಟ್ಟು. ಕಾಲು ಜಾರಿದರೆ ಕೈ ಊರಿಯೇ ಬೀಳುವುದು. ಪ್ಲಾಸ್ಟರ್ ಹಾಕುವವರು ಮೂಳೆ ಡಾಕ್ಟರು. ನಾನು ಹೆಂಗಸರ ಡಾಕ್ಟರು. ನಿಂತ ಎತ್ತರದಿಂದ ಬಿದ್ದಿದ್ದಕ್ಕೇ ಮೂಳೆ ಮುರಿದಿದ್ದರೆ ನಾನು ಮೊದಲು ಕೇಳುವುದು, ಮುಟ್ಟು ನಿಂತು ಎಷ್ಟು ವರ್ಷವಾಯಿತು ಅಂತ.

ಮೂಳೆ ಕಲ್ಲಿನ ಹಾಗೆ ಇದ್ದಲ್ಲೇ ಇರುವ ವಸ್ತುವಲ್ಲ. ಒಂದು ಕಡೆ ಹಳೆಯದನ್ನು ಕೆರೆದು ತೆಗೆಯುವ ಜೀವಕೋಶ, ಇನ್ನೊಂದು ಕಡೆ ಹೊಸದನ್ನು ಕಟ್ಟುವ ಜೀವಕೋಶ. ಕೆರೆಯುವ ಕೆಲಸ ಮಿತಿ ಮೀರದಂತೆ ತಡೆಯುವುದು ಅಂಡಾಶಯದಲ್ಲಿ ತಯಾರಾಗುವ ಹೆಣ್ಣು ಹಾರ್ಮೋನು ಈಸ್ಟ್ರೋಜನ್. ಮುಟ್ಟು ನಿಂತಾಗ ಅದು ಕುಸಿಯುತ್ತದೆ, ಮೊದಲ ಐದಾರು ವರ್ಷ ಮೂಳೆ ಬೇಗ ಬೇಗ ಕರಗುತ್ತದೆ. ನೋವಿರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ.

ಕಳೆದ ವರ್ಷ ಬಂದ ಒಬ್ಬ ಅಮ್ಮನಿಗೆ 58 ವರ್ಷ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ ಸ್ಕೋರ್, ಅಂದರೆ ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 2.9. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಸವೆತದ ಕಾಯಿಲೆ ಎಂದೇ ಲೆಕ್ಕ. ಮೂಳೆ ಕರಗುವುದನ್ನು ತಡೆಯುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ, ವಾರಕ್ಕೊಂದು, ಬರೆದುಕೊಟ್ಟೆ. ಮೂರು ತಿಂಗಳಿಗೆ ಬಂದು, "ಎದೆ ಉರಿ ಡಾಕ್ಟ್ರೇ, ಬಿಟ್‌ಬಿಟ್ಟೆ" ಎಂದರು.

"ಹೇಗೆ ತಗೊಳ್ತಿದ್ರಿ?"

"ಎದ್ದು ಕಾಫಿ ಜೊತೆ ನುಂಗಿ, ಮಳೆ ಅಲ್ವಾ, ಮತ್ತೆ ಸ್ವಲ್ಪ ಹೊತ್ತು ಮಲಗ್ತಿದ್ದೆ."

ಎರಡೂ ತಪ್ಪು. ತಪ್ಪು ಅವರದ್ದಲ್ಲ, ಬಿಡಿಸಿ ಹೇಳದ ನನ್ನದು. ಈ ಮಾತ್ರೆ ಸರಿಯಾಗಿ ತೆಗೆದುಕೊಂಡರೂ ರಕ್ತ ಸೇರುವುದು ಶೇಕಡಾ 1ಕ್ಕಿಂತ ಕಡಿಮೆ. ಕಾಫಿ ಜೊತೆಗಾದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹೋಯಿತು. ಮಲಗಿದರೆ ಮಾತ್ರೆ ಅನ್ನನಾಳವನ್ನು ಸುಡುತ್ತದೆ. ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಕೂತಿರಬೇಕು ಇಲ್ಲವೇ ಓಡಾಡುತ್ತಿರಬೇಕು. ಕಾಫಿ, ಹಾಲು, ಬೇರೆ ಮಾತ್ರೆ ಎಲ್ಲ ಆಮೇಲೆ. ಮಲೆನಾಡಿನವರಿಗೆ ಬೆಳಿಗ್ಗೆ ಕಾಫಿಯಿಲ್ಲದೆ ಅರ್ಧ ಗಂಟೆ ಕೂರಿ ಎನ್ನುವುದು ಶಿಕ್ಷೆಯೇ, ನನಗೂ ಗೊತ್ತು.

ಅವರಿಗೆ ಮಾತ್ರೆಯ ಬದಲು ಅದೇ ಜಾತಿಯ, ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೋನಿಕ್ ಆ್ಯಸಿಡ್ 5 ಮಿಲಿಗ್ರಾಂ ಆರಿಸಿದೆವು. ಅದಕ್ಕೆ ಮೊದಲು ಕಿಡ್ನಿ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಕೊಂಡೆ. ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿ ಬನ್ನಿ ಎಂದೆ. ಈ ಔಷಧ ಆದಮೇಲೆ ಹಲ್ಲು ಕೀಳಿಸಿದರೆ ಅಪರೂಪಕ್ಕೆ ದವಡೆ ಮೂಳೆ ಮಾಯದೆ ಉಳಿಯುವುದುಂಟು. ಮೊದಲ ಡ್ರಿಪ್ ಆದಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಗಾಬರಿ ಬೇಡ, ಪ್ಯಾರಾಸಿಟಮಾಲ್ ಸಾಕು.

ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಕೂಡ ಒಳ್ಳೆಯ ಔಷಧ. ಆದರೆ ಮಳೆಯಲ್ಲಿ ಬಸ್ಸು ನಿಲ್ಲುವ ಊರಿನವರಿಗೆ ಬರೆಯುವಾಗ ನಾನು ಎರಡು ಸಲ ಯೋಚಿಸುತ್ತೇನೆ. ಡೋಸ್ ತಪ್ಪಿದರೆ ಉಳಿಸಿಕೊಂಡ ಮೂಳೆ ಬಡ್ಡಿ ಸಮೇತ ಕರಗುತ್ತದೆ, ಬೆನ್ನುಮೂಳೆ ಒಂದರ ಮೇಲೊಂದು ಕುಸಿದವರೂ ಇದ್ದಾರೆ. ನಿಲ್ಲಿಸಲೇಬೇಕಾದರೆ ಅದರ ಜಾಗಕ್ಕೆ ಬೇರೆ ಔಷಧ ಬೇಕು. ಮಾತ್ರೆ ಮತ್ತು ಡ್ರಿಪ್‌ಗೆ ಹಾಗಲ್ಲ. ಅವು ಮೂಳೆಯಲ್ಲೇ ಉಳಿಯುವುದರಿಂದ ಮಾತ್ರೆ ಐದು ವರ್ಷ, ಡ್ರಿಪ್ ಮೂರು ವರ್ಷ ಆದಮೇಲೆ ಅಪಾಯ ಕಡಿಮೆ ಇದ್ದವರಿಗೆ ಬಿಡುವು ಕೊಡಬಹುದು.

ಕುಸಿದ ಈಸ್ಟ್ರೋಜನ್ನನ್ನೇ ಔಷಧವಾಗಿ ಕೊಡುವ ದಾರಿಯೂ ಇದೆ. ಆದರೆ ಹಾರ್ಮೋನ್ ಎಂದೊಡನೆ "ಕ್ಯಾನ್ಸರ್ ಬರತ್ತಂತೆ" ಎನ್ನುತ್ತಾರೆ. ಈ ಭಯ 2002ರದ್ದು. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂಥ ಔಷಧ) ಜೊತೆಯಾಗಿ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಸ್ವಲ್ಪ ಹೆಚ್ಚಿತ್ತು. ಆದರೆ ಅವರ ಸರಾಸರಿ ವಯಸ್ಸು 63, ಮತ್ತು ಸೊಂಟದ ಮೂಳೆ ಮುರಿಯುವುದು ಮೂರರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. 50ರ ಆಸುಪಾಸಿನಲ್ಲಿ ಮುಟ್ಟು ನಿಂತು, ರಾತ್ರಿಯೆಲ್ಲ ಮೈ ಕಾದು ಬೆವರುವವರಿಗೆ ಲೆಕ್ಕ ಬೇರೆ. 60ರೊಳಗೆ, ಮುಟ್ಟು ನಿಂತ ಹತ್ತು ವರ್ಷದೊಳಗೆ ಶುರು ಮಾಡಿದರೆ ಬಹಳ ಜನಕ್ಕೆ ಲಾಭವೇ ಹೆಚ್ಚು. ಗರ್ಭಕೋಶ ಇದ್ದವರಿಗೆ ಪ್ರೊಜೆಸ್ಟರಾನ್ ಜೊತೆಗೇ ಕೊಡಬೇಕು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು ಆದವರಿಗೆ ನಾನು ಕೊಡುವುದಿಲ್ಲ. 65ರವರಿಗೆ ಬರೀ ಮೂಳೆಗೆಂದು ಹೊಸದಾಗಿ ಶುರು ಮಾಡುವುದೂ ಇಲ್ಲ. ಆದರೆ 40ಕ್ಕೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡು ಹಾರ್ಮೋನಿನ ಮಾತೇ ಕೇಳದೆ ಮನೆಗೆ ಹೋದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕ್ಯಾಲ್ಸಿಯಂ ಬೇಕು, ಆದರೆ ಸವೆದ ಮೂಳೆಗೆ ಅದೊಂದೇ ಔಷಧವಲ್ಲ. ನಮ್ಮದು ಅಕ್ಕಿ ರೊಟ್ಟಿ, ಕಡುಬಿನ ಸೀಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ರಾಗಿ ತಟ್ಟೆಗೆ ಬರುವುದು ಕಡಿಮೆ. ಥೈರಾಯ್ಡ್ ಮಾತ್ರೆ ನುಂಗುವವರು ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಬಿಡಬೇಕು.

ಆ ಅಮ್ಮ ಈ ಜೂನ್‌ನಲ್ಲಿ ಎರಡನೇ ಡ್ರಿಪ್‌ಗೆ ಬಂದಿದ್ದರು. ಮಗ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿಕೊಟ್ಟಿದ್ದಾನಂತೆ. ಕೊಟ್ಟಿಗೆ ದಾರಿಗೆ ಹಾಸಿದ್ದಾನಾ ಎಂದು ಕೇಳಿದೆ. "ಅಲ್ಲಿಗೆ ನಾನೊಬ್ಬಳೇ ಅಲ್ವಾ ಹೋಗೋದು" ಎಂದರು.