ಕಂಪನಿ ಬಂತು ಸರಿ, ಕಸುಬು ಬಂತಾ?

ಹೂಡಿಕೆದಾರರ ಸಮಾವೇಶ ಮುಗಿದ ಮರುದಿನ ಪತ್ರಿಕೆಯ ಮುಖಪುಟದಲ್ಲಿ ಒಂದು ದೊಡ್ಡ ಅಂಕಿ ಬರುತ್ತದೆ. ಇಷ್ಟು ಸಾವಿರ ಕೋಟಿಯ ಒಡಂಬಡಿಕೆ, ಇಷ್ಟು ಲಕ್ಷ ಜನಕ್ಕೆ ಕೆಲಸ. ಕೈಗಾರಿಕಾ ನೀತಿಯ ಕ್ಷೇತ್ರದಲ್ಲಿರುವ ನನಗೆ ಇಂಥ ಪ್ರಸ್ತಾಪಗಳನ್ನು ಓದುವುದೇ ಕೆಲಸ. ಆ ಅಂಕಿಯನ್ನು ನಾನು ಕೊನೆಗೆ ನೋಡುತ್ತೇನೆ. ಒಡಂಬಡಿಕೆ ಎಂದರೆ ಕಂಪನಿ ತನ್ನ ಮನಸ್ಸಿನಲ್ಲಿರುವುದನ್ನು ಬರೆದುಕೊಟ್ಟ ಕಾಗದ, ಅಷ್ಟೇ. ಸಾಲ ಮಂಜೂರಾಗಿರುವುದಿಲ್ಲ, ಯಂತ್ರಕ್ಕೆ ಆರ್ಡರ್ ಹೋಗಿರುವುದಿಲ್ಲ. ನಾನು ಮೊದಲು ಹುಡುಕುವುದು ಬೇರೆ ಎರಡು ವಿಷಯ. ಬಿಡಿಭಾಗ ಎಲ್ಲಿಂದ ಬರುತ್ತದೆ? ಕೆಲಸ ಕಲಿಸುವವರು ಯಾರು?

ಒಂದು ದೇಶದೊಳಗಿನ ರಾಜ್ಯ ಜಗತ್ತಿನ ಮಾರುಕಟ್ಟೆಗೆ ಇಳಿಯುವಾಗ ಅದರ ಕೈ ಅರ್ಧ ಕಟ್ಟಿರುತ್ತದೆ. ಸ್ವಂತ ನಾಣ್ಯವಿಲ್ಲ. ಹಾಗಾಗಿ ನಾಣ್ಯದ ಬೆಲೆ ಇಳಿಸಿ ರಫ್ತು ಹೆಚ್ಚಿಸುವ ದಾರಿ ಇಲ್ಲ. ಆಮದು ಸುಂಕ ಕೇಂದ್ರದ್ದು, ಬಡ್ಡಿ ದರ ಕೇಂದ್ರ ಬ್ಯಾಂಕಿನದು. ವ್ಯಾಪಾರ ಒಪ್ಪಂದಕ್ಕೂ ಸಾಮಾನ್ಯವಾಗಿ ಕೇಂದ್ರವೇ ಸಹಿ ಹಾಕುತ್ತದೆ. ಬೆಲ್ಜಿಯಂ ಇದಕ್ಕೆ ಅಪರೂಪದ ಅಪವಾದ. ಅಲ್ಲಿನ ವಲೋನಿಯಾ ಪ್ರಾಂತ್ಯ 2016ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಡದೆ ಕೂತಿದ್ದರಿಂದ ಕೆನಡಾ ಮತ್ತು ಐರೋಪ್ಯ ಒಕ್ಕೂಟದ ಒಪ್ಪಂದವೇ ಕೆಲವು ದಿನ ನಿಂತುಹೋಗಿತ್ತು. ಉಳಿದ ಹೆಚ್ಚಿನ ರಾಜ್ಯಗಳ ಕೈಯಲ್ಲಿ ಇರುವುದು ಜಮೀನು, ನೀರು, ರಸ್ತೆ, ಶಾಲೆ, ತರಬೇತಿ, ಪರವಾನಗಿ. ಕೇಳಲು ಸಣ್ಣದು ಅನ್ನಿಸಬಹುದು. ಆದರೆ ಈ ಸಣ್ಣ ಸಾಮಾನುಗಳಿಂದಲೇ ದೊಡ್ಡ ಕೆಲಸ ಮಾಡಿದ ರಾಜ್ಯವೊಂದು ಮಲೇಷ್ಯಾದಲ್ಲಿದೆ.

ಪೆನಾಂಗ್ ಬ್ರಿಟಿಷರ ಕಾಲದಿಂದ ಬಂದರಿನ ವ್ಯಾಪಾರ ನಂಬಿ ಬದುಕಿದ ದ್ವೀಪ. ಸುಂಕವಿಲ್ಲದ ಬಂದರು ಎಂಬುದೇ ಅದರ ಬಂಡವಾಳ. 1969ರಲ್ಲಿ ಮಲೇಷ್ಯಾದ ಕೇಂದ್ರ ಸರ್ಕಾರ ಆ ಸವಲತ್ತನ್ನೇ ವಾಪಸ್ ಪಡೆಯಿತು. ನಿರುದ್ಯೋಗ ಶೇ 15ರ ಆಸುಪಾಸಿಗೆ ಹೋಗಿತ್ತು. ಅದೇ ವರ್ಷ ಮುಖ್ಯಮಂತ್ರಿಯಾದ ಲಿಮ್ ಚೊಂಗ್ ಯೂ ಪೆನಾಂಗ್ ಅಭಿವೃದ್ಧಿ ನಿಗಮ ಕಟ್ಟಿದರು. 1972ರ ಹೊತ್ತಿಗೆ ಬಯಾನ್ ಲೆಪಾಸ್‌ನಲ್ಲಿ ಭತ್ತದ ಗದ್ದೆಗಳಿದ್ದ ಜಾಗ ಮುಕ್ತ ವ್ಯಾಪಾರ ವಲಯವಾಯಿತು. ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಅಮೆರಿಕದ ಹೊರಗೆ ತನ್ನ ಮೊದಲ ಕಾರ್ಖಾನೆಯನ್ನು ಅಲ್ಲೇ ತೆರೆಯಿತು. ಎಎಂಡಿ, ಹ್ಯೂಲೆಟ್ ಪ್ಯಾಕರ್ಡ್, ಹಿಟಾಚಿ, ಬಾಷ್ ಕೂಡ ಬಂದವು.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಇಷ್ಟ. ನನಗೆ ಮುಖ್ಯವೆನಿಸುವುದು ಆಮೇಲಿನದು. ಮುಕ್ತ ವಲಯದಲ್ಲಿ ಕಂಪನಿಗೆ ಸುಂಕವಿಲ್ಲದೆ ಎಲ್ಲವನ್ನೂ ಹೊರಗಿನಿಂದ ತರಿಸಿಕೊಳ್ಳುವ ಅನುಕೂಲ ಇರುತ್ತದೆ. ಸ್ಥಳೀಯರಿಂದ ಒಂದು ಮೊಳೆಯನ್ನೂ ಕೊಳ್ಳಬೇಕಾಗಿಲ್ಲ. ಚಿಪ್ ಬರುತ್ತದೆ, ಜೋಡಣೆ ಆಗುತ್ತದೆ, ವಿಮಾನ ಹತ್ತಿ ಹೋಗುತ್ತದೆ. ರಾಜ್ಯಕ್ಕೆ ಸಿಗುವುದು ಸಂಬಳ ಮಾತ್ರ.

ಇದು ಬದಲಾಗುವುದು ಕಾರ್ಖಾನೆಯೊಳಗಿನ ತೀರಾ ಸಾಮಾನ್ಯ ತೊಂದರೆಯೊಂದರಿಂದ. ಜೋಡಣೆ ಯಂತ್ರದಲ್ಲಿ ಚಿಪ್ಪನ್ನು ಹಿಡಿದುಕೊಳ್ಳುವ ಜಿಗ್ ಇರುತ್ತದೆ, ಲೋಹ ಕತ್ತರಿಸುವ ಡೈ ಇರುತ್ತದೆ. ಇವು ಸವೆಯುತ್ತಲೇ ಇರುತ್ತವೆ. ಹೊಸದು ಹಡಗಿನಲ್ಲಿ ಬರಲು ವಾರಗಟ್ಟಲೆ ಬೇಕು, ಅಷ್ಟು ದಿನ ಲೈನ್ ನಿಲ್ಲಿಸಲು ಆಗುವುದಿಲ್ಲ. ಆಗ ಮ್ಯಾನೇಜರ್ ಹತ್ತಿರದ ವರ್ಕ್‌ಶಾಪ್‌ಗೆ ಮಾದರಿ ಕಳಿಸಿ, ‘ಇಂಥದ್ದೇ ಮಾಡಿಕೊಡ್ತೀರಾ’ ಎಂದು ಕೇಳುತ್ತಾರೆ. ಮೊದಲ ಸಲ ಅಳತೆ ಕೂಡುವುದಿಲ್ಲ. ಕಂಪನಿಯ ಎಂಜಿನಿಯರ್ ಹೋಗಿ ಪಕ್ಕದಲ್ಲಿ ನಿಂತು ತೋರಿಸಬೇಕಾಗುತ್ತದೆ. ಅಳತೆ ಕೂಡಿದ ದಿನದಿಂದ ಆ ವರ್ಕ್‌ಶಾಪ್‌ಗೆ ಜಗತ್ತಿನ ಮಟ್ಟದ ಕಸುಬು ಬಂದಂತೆ. ಪೆನಾಂಗ್‌ನಲ್ಲಿ ಹೀಗೆ ಟೂಲಿಂಗ್, ಅಂದರೆ ಇಂಥ ಜಿಗ್, ಡೈ ಮಾಡುವ ಕೆಲಸದ ಒಂದು ಪಡೆಯೇ ಬೆಳೆಯಿತು. ಕಂಪನಿ ಬಿಟ್ಟ ಎಂಜಿನಿಯರ್‌ಗಳು ಸ್ವಂತ ಉದ್ಯಮ ಕಟ್ಟಿದರು. 2000ರಲ್ಲಿ ಶುರುವಾದ ವಿಟ್ರಾಕ್ಸ್ ಚಿಪ್‌ಗಳನ್ನು ಕ್ಯಾಮೆರಾದಿಂದ ಪರೀಕ್ಷಿಸುವ ಯಂತ್ರ ತಯಾರಿಸಿ ಹೊರದೇಶಗಳಿಗೆ ಮಾರುತ್ತದೆ.

1989ರಲ್ಲಿ ಶುರುವಾದ ಪೆನಾಂಗ್ ಕೌಶಲ ಅಭಿವೃದ್ಧಿ ಕೇಂದ್ರದ ಬಗ್ಗೆ ಹೇಳಲೇಬೇಕು. ರಾಜ್ಯ ಸರ್ಕಾರ ಅದಕ್ಕೆ ಬೆನ್ನೆಲುಬಾಗಿ ನಿಂತಿತು, ಆದರೆ ನಡೆಸಲು ಬಿಟ್ಟಿದ್ದು ಕಂಪನಿಗಳಿಗೆ. ಮಾರುಕಟ್ಟೆಯಲ್ಲಿ ಪೈಪೋಟಿ ಮಾಡುವ ಕಂಪನಿಗಳೇ ಒಟ್ಟಿಗೆ ಕೂತು ಏನು ಕಲಿಸಬೇಕೆಂದು ತೀರ್ಮಾನಿಸಿದವು, ಯಂತ್ರಗಳನ್ನೂ ಕೊಟ್ಟವು. ಹಳೇ ಪಠ್ಯ, ಕೆಟ್ಟು ನಿಂತ ಲೇತ್ ಇಟ್ಟುಕೊಂಡು ಸುಮ್ನೆ ಪ್ರಮಾಣಪತ್ರ ಹಂಚುವ ತರಬೇತಿ ಸಂಸ್ಥೆಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಇದಕ್ಕೆ ತೀರಾ ವಿರುದ್ಧದ ಉದಾಹರಣೆ ಅಮೆರಿಕದ ವಿಸ್ಕಾನ್ಸಿನ್. 2017ರಲ್ಲಿ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಅಲ್ಲಿ 1,000 ಕೋಟಿ ಡಾಲರ್ ಹಾಕಿ 13,000 ಜನಕ್ಕೆ ಕೆಲಸ ಕೊಡುತ್ತೇನೆ ಎಂದಿತು. ರಾಜ್ಯ ಸುಮಾರು 285 ಕೋಟಿ ಡಾಲರ್ ರಿಯಾಯಿತಿಗೆ ಒಪ್ಪಿತು. 2021ರಲ್ಲಿ ಒಪ್ಪಂದ ತಿದ್ದಿದಾಗ ಹೂಡಿಕೆ 67.2 ಕೋಟಿ ಡಾಲರ್, ಕೆಲಸ 1,454, ರಿಯಾಯಿತಿ 8 ಕೋಟಿ ಡಾಲರ್‌ಗೆ ಇಳಿದವು. ರಾಜ್ಯದ ಖಜಾನೆ ಬಚಾವಾಗಿದ್ದು ಒಂದೇ ಷರತ್ತಿನಿಂದ: ಮೊದಲು ಕೆಲಸ ಕೊಡಬೇಕು, ಆಮೇಲೆ ದುಡ್ಡು. 2018ರ ಗುರಿ ತಪ್ಪಿದ್ದಕ್ಕೆ ಆ ವರ್ಷದ ರಿಯಾಯಿತಿ ಸಿಗಲೇ ಇಲ್ಲ. ಆದರೆ ಕಾರ್ಖಾನೆ ಬರಬೇಕಿದ್ದ ಮೌಂಟ್ ಪ್ಲೆಸೆಂಟ್‌ನ ಸ್ಥಳೀಯ ಆಡಳಿತ ಅಷ್ಟರಲ್ಲಿ ಸಾಲ ಮಾಡಿ ಜಮೀನು ಕೊಂಡಿತ್ತು, ಜನರನ್ನು ಮನೆಗಳಿಂದ ಎಬ್ಬಿಸಿತ್ತು, ರಸ್ತೆ, ನೀರಿನ ಕೊಳವೆ ಹಾಕಿಸಿತ್ತು. ಒಪ್ಪಂದ ತಿದ್ದಿದರೆ ಬಿಟ್ಟುಹೋದ ಮನೆ ವಾಪಸ್ ಬರುವುದಿಲ್ಲ. ಇದನ್ನು ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಂತ ರಿಯಾಯಿತಿಯೇ ತಪ್ಪು ಎನ್ನಲಾರೆ. ಅಮೆರಿಕದ ಇನ್ನೊಂದು ರಾಜ್ಯ ಅಲಬಾಮಾ 1993ರಲ್ಲಿ ಮರ್ಸಿಡಿಸ್ ಕಾರ್ಖಾನೆಗೆ ಸುಮಾರು 25 ಕೋಟಿ ಡಾಲರ್ ಸವಲತ್ತು ಕೊಟ್ಟಾಗ ಬೈಸಿಕೊಂಡಿದ್ದೇ ಜಾಸ್ತಿ. ನಂತರ ಹೋಂಡಾ, ಹ್ಯುಂಡೈ ಬಂದವು, ಬಿಡಿಭಾಗ ಮಾಡುವವರೂ ಬಂದರು. 1971ರಿಂದಲೇ ಆ ರಾಜ್ಯಕ್ಕೆ ಕಾರ್ಮಿಕರನ್ನು ತಯಾರು ಮಾಡುವ ಸ್ವಂತ ತರಬೇತಿ ಸಂಸ್ಥೆ ಇತ್ತು. ದುಡ್ಡಿನ ಜೊತೆ ಅದೂ ಇದ್ದಿದ್ದರಿಂದ ಒಂದು ಕಾರ್ಖಾನೆ ಒಂದೇ ಆಗಿ ಉಳಿಯಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಪೆನಾಂಗ್‌ಗೂ ನೋವಿದೆ. ಇವತ್ತು ಜಗತ್ತಿನ ಚಿಪ್ ಜೋಡಣೆ ಮತ್ತು ಪರೀಕ್ಷೆಯಲ್ಲಿ ಮಲೇಷ್ಯಾದ ಪಾಲು ಸುಮಾರು ಶೇ 13, ಅದರಲ್ಲಿ ಪೆನಾಂಗ್‌ನದು ದೊಡ್ಡ ಪಾತ್ರ. ಆದರೆ ಹೆಚ್ಚು ಲಾಭ ಇರುವುದು ಚಿಪ್ ವಿನ್ಯಾಸದಲ್ಲಿ. ಅಲ್ಲಿಗೆ ಏರುವುದು ಐವತ್ತು ವರ್ಷದ ಮೇಲೂ ಕಷ್ಟವಾಗಿದೆ. ಕಲಿತ ಎಂಜಿನಿಯರ್‌ಗಳು ಹೆಚ್ಚು ಸಂಬಳಕ್ಕೆ ಸಿಂಗಪುರಕ್ಕೆ ಹೋಗುತ್ತಾರೆ. ಕಂಪನಿಗಳ ಆದಾಯ ತೆರಿಗೆ ಕೇಂದ್ರಕ್ಕೆ ಹೋಗುತ್ತದೆ, ರಾಜ್ಯದ ಸ್ವಂತ ಆದಾಯ ಬಹುಪಾಲು ಜಮೀನಿಗೆ ಸಂಬಂಧಿಸಿದ್ದು. ಟ್ರಾಫಿಕ್, ನೀರು, ಮನೆ ಬಾಡಿಗೆಯ ಹೊರೆ ಮಾತ್ರ ರಾಜ್ಯದ ತಲೆಯ ಮೇಲೆ. ಯಾವ ಒಕ್ಕೂಟದಲ್ಲೂ ರಾಜ್ಯಗಳು ಕೇಂದ್ರದ ಜೊತೆ ತೆರಿಗೆ ಪಾಲಿಗಾಗಿ ಜಗಳ ಮಾಡುವುದು ಇದಕ್ಕೇ, ಅದು ನ್ಯಾಯವಾದ ಜಗಳ.

ಹಾಗಾಗಿ ಸಲಹೆ ಕೇಳಿದವರಿಗೆ ನಾನು ಹೇಳುವುದು ಇಷ್ಟು. ರಿಯಾಯಿತಿಯ ಒಂದು ಭಾಗವನ್ನು ಸ್ಥಳೀಯ ಖರೀದಿಗೆ ಕಟ್ಟಿಹಾಕಿ. ಬೆದರಿಕೆ ಬೇಡ, ಹತ್ತಿರದ ವರ್ಕ್‌ಶಾಪ್‌ನಿಂದ ಕೊಂಡಷ್ಟೂ ಲಾಭ ಸಿಗುವಂತೆ ಮಾಡಿ. ತರಬೇತಿ ಕೇಂದ್ರದಲ್ಲಿ ದೊಡ್ಡ ಕಂಪನಿಯವರಿಗೆ ಮಾತ್ರ ಸೀಟು ಇಡಬೇಡಿ. ಹತ್ತು ಜನ ಕೆಲಸ ಮಾಡುವ ವರ್ಕ್‌ಶಾಪ್ ತನ್ನ ಒಬ್ಬ ಫಿಟ್ಟರ್‌ನನ್ನು ಆರು ವಾರ ಕಳಿಸಿದರೆ ಅಲ್ಲಿ ಉತ್ಪಾದನೆ ನಿಲ್ಲುತ್ತದೆ, ಅಲ್ವಾ? ಆ ಆರು ವಾರದ ಅವನ ಸಂಬಳವನ್ನು ಸರ್ಕಾರ ಕೊಡಲಿ. ದೊಡ್ಡ ಸಬ್ಸಿಡಿಗಳ ಪಕ್ಕದಲ್ಲಿ ಅದು ಕಣ್ಣಿಗೂ ಕಾಣದಷ್ಟು ಸಣ್ಣ ಖರ್ಚು, ಮತ್ತು ಮುಂದಿನ ಬಜೆಟ್‌ನಲ್ಲೇ ಸೇರಿಸಬಹುದು.