ಚಳಿ ಬರುವುದು ನೆಲದಿಂದ

ಜನವರಿಯಲ್ಲಿ ಚಿಕ್ಕಮಗಳೂರು ಕಡೆಯ ಕಾಫಿ ತೋಟವೊಂದರಲ್ಲಿ ಟೆಂಟ್ ಹಾಕಿ ಮಲಗುತ್ತೇವೆ ಎಂದಾಗ ಧಾರವಾಡದ ನಮ್ಮತ್ತೆ ಬೈಯಲಿಲ್ಲ. ಹಳೇ ಸೀರೆಗಳ ಕೌದಿಯೊಂದನ್ನು ಮಡಚಿ ಕಾರಿನಲ್ಲಿಟ್ಟು, ‘ಇದು ಹೊಚ್ಚಾಕಲ್ಲ, ಕೂಸಿನ ಬುಡಕ ಹಾಸಾಕ’ ಅಂದರು. ಮಗಳಿಗೆ ಆಗ ಹದಿನಾಲ್ಕು ತಿಂಗಳು. ನಾನು ತುಂಬಿಕೊಂಡಿದ್ದ ಮೂರು ಕಂಬಳಿಗಳೂ ಹೊದೆಯಲಿಕ್ಕೇ ಇದ್ದವು.

ಕಂಬಳಿಗೆ ಸ್ವಂತ ಬಿಸಿ ಇರುವುದಿಲ್ಲ. ಉಣ್ಣೆಯ ಸಂದಿಗಳಲ್ಲಿ ಸಿಕ್ಕಿಬಿದ್ದ ಗಾಳಿ ಮೈಶಾಖವನ್ನು ತಡೆದಿಡುತ್ತದೆ, ಅಷ್ಟೇ. ಮೈಯಡಿಗೆ ಸಿಕ್ಕಾಗ ಅದು ಚಪ್ಪಟೆಯಾಗಿ ಗಾಳಿ ಕಳೆದುಕೊಳ್ಳುತ್ತದೆ. ಅದರ ಕೆಳಗಿನ ತೇವದ ಮಣ್ಣಿನಲ್ಲಿ ಶಾಖ ಹರಿಯುವ ವೇಗವೋ, ಅಲುಗದ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚು. ಗಾಳಿ ತುಂಬುವ ಹಾಸಿಗೆಯನ್ನೂ ನಂಬಬೇಡಿ: ಮಗ್ಗುಲಾದಾಗಲೆಲ್ಲ ಒಳಗಿನ ಗಾಳಿ ಕಲಕಿ ಬಿಸಿಯನ್ನು ನೆಲಕ್ಕೆ ಮುಟ್ಟಿಸುತ್ತದೆ. ಅದರ ಮೆತುವಿನಲ್ಲಿ ಒಂದು ವರ್ಷದೊಳಗಿನ ಕೂಸಿನ ಮುಖ ಹುದುಗಿ ಉಸಿರುಕಟ್ಟುವ ಅಪಾಯ ಬೇರೆ. ಗಟ್ಟಿ ಫೋಮ್ ಚಾಪೆಯೇ ವಾಸಿ. ಅದರಡಿಗೆ ಅತ್ತೆಯ ಕೌದಿ.

ಮಕ್ಕಳಿಗೇ ಯಾಕೆ ಇಷ್ಟು ತಾಪತ್ರಯ? ಲೋಟಕ್ಕೆ ಬಗ್ಗಿಸಿದ ಕಾಫಿ ಪಾತ್ರೆಯಲ್ಲಿ ಉಳಿದದ್ದಕ್ಕಿಂತ ಬೇಗ ಆರುವುದಿಲ್ಲವೇ, ಹಾಗೆಯೇ ಇದು. ಮೂರು ಕಿಲೋ ತೂಗುವ ನವಜಾತ ಶಿಶುವಿಗೆ ಕಿಲೋಗೆ ಸುಮಾರು 670 ಚದರ ಸೆಂಟಿಮೀಟರ್ ಚರ್ಮವಿದ್ದರೆ, ಅರವತ್ತು ಕಿಲೋದ ನಮಗೆ 270ರ ಆಸುಪಾಸು. ಬಿಸಿ ಹುಟ್ಟಿಸುವ ಒಡಲು ಚಿಕ್ಕದು, ಸೋರುವ ಬಾಗಿಲು ದೊಡ್ಡದು.

ಎಳೆಗೂಸು ನಮ್ಮ ಹಾಗೆ ಗಡಗಡ ನಡುಗುವುದೂ ಇಲ್ಲ. ಅದರ ಬದಲು ಭುಜದ ಮೂಳೆಗಳ ನಡುವೆ, ಕತ್ತಿನಲ್ಲಿ, ಮೂತ್ರಪಿಂಡಗಳ ಸುತ್ತ ಕಂದು ಕೊಬ್ಬು ಇಟ್ಟುಕೊಂಡು ಹುಟ್ಟಿರುತ್ತದೆ. ಸ್ವಿಟ್ಜರ್ಲೆಂಡಿನ ಕಾನ್ರಾಡ್ ಗೆಸ್ನರ್ 1551ರಲ್ಲೇ ಮಾರ್ಮಟ್ ಎಂಬ ಗುಡ್ಡಗಾಡಿನ ಪ್ರಾಣಿಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದ. ಕಂದು ಬಣ್ಣ ಬರುವುದು ಕಬ್ಬಿಣದ ಅಂಶವುಳ್ಳ ಮೈಟೊಕಾಂಡ್ರಿಯಗಳ, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟಾಣಿ ಅಂಗಗಳ, ದಟ್ಟಣೆಯಿಂದ. ಬೇರೆ ಜೀವಕೋಶಗಳ ಮೈಟೊಕಾಂಡ್ರಿಯಗಳು ಅಣೆಕಟ್ಟೆಯ ನೀರನ್ನು ಟರ್ಬೈನಿಗೆ ಬಿಟ್ಟಂತೆ ಪ್ರೋಟಾನುಗಳೆಂಬ ಸೂಕ್ಷ್ಮ ಕಣಗಳನ್ನು ಹರಿಸಿ ಎಟಿಪಿ ಎಂಬ ಇಂಧನ ತಯಾರಿಸುತ್ತವೆ. ಕಂದು ಕೊಬ್ಬಿನಲ್ಲಿ ಯುಸಿಪಿ1 ಎಂಬ ಪ್ರೋಟೀನು ಕೋಡಿ ಒಡೆದುಬಿಡುತ್ತದೆ. ಕೆಲಸವಾಗಬೇಕಿದ್ದ ಶಕ್ತಿಯೆಲ್ಲ ಶಾಖವಾಗುತ್ತದೆ. ಆದರೆ ಈ ಒಲೆಗೂ ಸೌದೆ ಬೇಕು. ಚಳಿರಾತ್ರಿಯಲ್ಲಿ ಕೂಸು ಮತ್ತೆ ಮತ್ತೆ ಹಾಲಿಗೆ ಎದ್ದರೆ ಸಿಡುಕಬೇಡಿ.

ಇಷ್ಟೆಲ್ಲ ಓದಿ ಮಗುವನ್ನು ಮೂಟೆ ಕಟ್ಟಿದಂತೆ ಸುತ್ತಿಬಿಟ್ಟರೆ ಇನ್ನೊಂದು ಎಡವಟ್ಟು. ಶಿಶುಗಳ ಹಠಾತ್ ಸಾವಿಗೂ ಅತಿ ಸೆಕೆಗೂ ನಂಟಿದೆ. ದೊಡ್ಡವರ ಸ್ಲೀಪಿಂಗ್ ಬ್ಯಾಗಿನೊಳಗೆ ಕೂಸು ಜಾರಿದರೆ ಮುಖವೇ ಮುಚ್ಚಿಹೋದೀತು. ತೆಳುವಾದ ಎರಡು ಮೂರು ಪದರದ ಬಟ್ಟೆ ಸಾಕು. ಅಂಗೈ, ಪಾದ ತಣ್ಣಗಿವೆಯೆಂದು ಗಾಬರಿ ಬೀಳುವುದೂ ಬೇಡ, ಅವು ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗ ಮುಟ್ಟಿನೋಡಿ: ಬೆಚ್ಚಗಿದ್ದರೆ ಸರಿ, ಬೆವತಿದ್ದರೆ ಒಂದು ಪದರ ತೆಗೆಯಿರಿ.

ಟೆಂಟಿನೊಳಗೆ ಕೆಂಡದ ಅಗ್ಗಿಷ್ಟಿಕೆ ಮಾತ್ರ ಯಾವ ಕಾರಣಕ್ಕೂ ಬೇಡ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ.

ಜಾಗದ ಆಯ್ಕೆಯಲ್ಲಿ ನಾವು ಮೋಸಹೋದೆವು. ಚೆಂದ ಕಾಣುತ್ತದೆಂದು ಹಳ್ಳದ ದಂಡೆಯಲ್ಲಿ ಟೆಂಟ್ ಹಾಕಿದ್ದೆವು. ಎತ್ತರಕ್ಕೆ ಹೋದಷ್ಟೂ ಚಳಿ ಎಂಬ ಲೆಕ್ಕ, ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ, ಮೋಡವಿಲ್ಲದ ರಾತ್ರಿಗಳಲ್ಲಿ ತಲೆಕೆಳಗಾಗುತ್ತದೆ. ಇಳಿಜಾರಿನ ನೆಲ ಆಕಾಶಕ್ಕೆ ಶಾಖ ಬಿಟ್ಟು ತಣಿದಾಗ, ಅದಕ್ಕೆ ತಾಗಿದ ಗಾಳಿ ಭಾರವಾಗಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಬೆಳಗಿನ ಜಾವ ನಮ್ಮ ಟೆಂಟಿನ ಬಟ್ಟೆಯಿಂದ ನಮ್ಮದೇ ಉಸಿರಿನ ತೇವ ತೊಟ್ಟಿಕ್ಕುತ್ತಿತ್ತು. ಮೇಲಿನ ಕಣದಲ್ಲಿ ಮಲಗಿದ್ದ ಕಾವಲುಗಾರ ಒಂದೇ ಕಂಬಳಿಯಲ್ಲಿ ಆರಾಮಾಗಿದ್ದ.

ಬೆಳಗಾದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು. ನಾವು ಟೆಂಟ್ ಹೊತ್ತು ಮಲೆನಾಡಿಗೆ ಹೋಗುವ ಡಿಸೆಂಬರಿನಿಂದ ಮೇವರೆಗಿನ ಕಾಲವೇ ಉಣುಗುಗಳ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಇವುಗಳ ಕಡಿತದಿಂದ. ಅಂಬೆಗಾಲಿಡುವ ಮಗುವಿಗೆ ತರಗೆಲೆಯೇ ಆಟದ ಮೈದಾನ. ಬಿಸಿಲಿಗೆ ಕರೆತಂದು ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಕೂದಲ ಬುಡವನ್ನೆಲ್ಲ ಬೆರಳಾಡಿಸಿ ನೋಡಿದೆವು. ಮಗಳು ಕಚಗುಳಿಯೆಂದು ನಕ್ಕಿದ್ದೇ ನಕ್ಕಿದ್ದು. ಕೌದಿಯನ್ನೂ ಬಿಡಿಸಿ ಕೊಡವಿದೆವು.